ಕಪ್ಪೆಚಿಪ್ಪು ಒಪ್ಪದಿದ್ದರೆ?

ಆಕ್ಟರ್-ನೆಟ್‌ವರ್ಕ್ ಥಿಯರಿ, ಅಂದರೆ ಮನುಷ್ಯರನ್ನೂ ಪ್ರಾಣಿ-ವಸ್ತುಗಳನ್ನೂ ಒಂದೇ ಜಾಲದ ಪಾತ್ರಧಾರಿಗಳ ಹಾಗೆ ನೋಡುವ ಸಮಾಜಶಾಸ್ತ್ರದ ದಾರಿ, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಅದರ ಅತಿ ಪ್ರಸಿದ್ಧ ಚಿಂತಕ ಬ್ರೂನೋ ಲಟೂರ್ ಹೆಸರು ಹೇಳುವುದಿಲ್ಲ. ಫ್ರೆಂಚ್ ಸಮಾಜಶಾಸ್ತ್ರಿ ಮಿಶೆಲ್ ಕಲೋನ್ 1986ರಲ್ಲಿ ಬರೆದ ಪ್ರಬಂಧ ಒಂದಿದೆ, ಅದನ್ನು ಓದಿ ಅನ್ನುತ್ತೇನೆ. ಅದರಲ್ಲಿ ಕಥೆ ಇದೆ, ಜಗಳ ಇದೆ, ಮೋಸವೂ ಇದೆ.

ನಡೆಯುವುದು ಫ್ರಾನ್ಸಿನ ಬ್ರಿಟನಿ ಕರಾವಳಿಯ ಸೇಂಟ್ ಬ್ರಿಯು ಕೊಲ್ಲಿಯಲ್ಲಿ. ಅಲ್ಲಿ ಸ್ಕಾಲಪ್ ಸಿಗುತ್ತದೆ. ದೊಡ್ಡ ಜಾತಿಯ ಕಪ್ಪೆಚಿಪ್ಪು, ನಮ್ಮ ಮಂಗಳೂರು ಕಡೆಯವರು ಸುಕ್ಕ ಮಾಡುವ ಮರುವಾಯಿಗೆ ದೂರದ ನೆಂಟ ಅಂತ ಇಟ್ಟುಕೊಳ್ಳಿ. ಫ್ರೆಂಚರಿಗೆ ಅದೆಂದರೆ ಪ್ರಾಣ, ಹಾಗಾಗಿ ಹಿಡಿಯುವುದೂ ಜಾಸ್ತಿ. ಬ್ರೆಸ್ಟ್ ಕಡೆ ಅದು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಆಗ ಮೂವರು ವಿಜ್ಞಾನಿಗಳು ಜಪಾನಿಗೆ ಹೋಗಿ ನೋಡಿಬಂದರು. ಅಲ್ಲಿ ನೀರೊಳಗೆ ಇಳಿಬಿಟ್ಟ ಬಲೆಚೀಲಗಳಿಗೆ ಸ್ಕಾಲಪ್ ಮರಿಗಳು ಅಂಟಿಕೊಳ್ಳುತ್ತವೆ, ಅಲ್ಲೇ ಕ್ಷೇಮವಾಗಿ ಬೆಳೆಯುತ್ತವೆ. ಆದರೆ ಫ್ರಾನ್ಸಿನದು ಬೇರೆ ಜಾತಿ. ಇದೂ ಅಂಟಿಕೊಳ್ಳುತ್ತದಾ?

ಇಲ್ಲಿಂದ ಕಲೋನ್ ಮಾಡುವ ಕೆಲಸ ನನಗೆ ಬಹಳ ಇಷ್ಟ. ವಿಜ್ಞಾನಿಗಳು ಎರಡು ಕಡೆ ಮಾತುಕತೆಗೆ ಕೂತಿದ್ದಾರೆ ಅನ್ನುವ ಹಾಗೆ ಅವರು ಬರೆಯುತ್ತಾರೆ. ಒಂದು ಕಡೆ ಮೀನುಗಾರರು, ಇನ್ನೊಂದು ಕಡೆ ಮರಿಗಳು. ಮರಿಗಳ ಜೊತೆಗಿನ ಮಾತುಕತೆ ಅಂದರೆ ಯಾವ ಆಳದಲ್ಲಿ ಚೀಲ ಇಳಿಸಬೇಕು, ನೀರಿನ ಸೆಳೆತ ಎಷ್ಟಿರಬೇಕು, ನಕ್ಷತ್ರಮೀನು ಬಂದು ತಿನ್ನದ ಹಾಗೆ ಏನು ಮಾಡಬೇಕು, ಚೀಲಕ್ಕೆ ಯಾವ ನಾರು ಹಾಕಿದರೆ ಅವು ಒಪ್ಪುತ್ತವೆ, ಇಂಥವೇ. ಕೆಲವು ಮರಿಗಳು ಅಂಟಿಕೊಂಡವು. ಆ ಕೆಲವನ್ನು ಲೆಕ್ಕ ಹಾಕಿ, ಕೊಲ್ಲಿಯ ಎಲ್ಲ ಸ್ಕಾಲಪ್‌ಗಳೂ ಹೀಗೇ ಅಂದರು. ಅತ್ತ ಮೀನುಗಾರರ ಸಂಘದ ಕೆಲವು ಮುಖಂಡರು ಈ ಯೋಜನೆಗೆ ಹೂಂ ಅಂದರು. ಎಲ್ಲ ಮೀನುಗಾರರೂ ಒಪ್ಪಿದ್ದಾರೆ ಅಂತಾಯಿತು. ಎರಡೂ ಕಡೆ ನಡೆದದ್ದು ಒಂದೇ, ಅಲ್ವಾ? ನಾಲ್ಕು ಜನ ಊರಿನ ಪರವಾಗಿ ಮಾತಾಡಿದರು. ಒಂದು ಕಡೆ ಆ ನಾಲ್ಕು 'ಜನ' ಮರಿಗಳು, ಅಷ್ಟೇ.

ಆಮೇಲೆ ಎರಡೂ ಕೈಕೊಟ್ಟವು. ಮುಂದಿನ ಪ್ರಯೋಗಗಳಲ್ಲಿ ಮರಿಗಳು ಅಂಟಿಕೊಳ್ಳಲಿಲ್ಲ. ಒಂದು ಕ್ರಿಸ್‌ಮಸ್ ಹಿಂದಿನ ದಿನ ಮೀನುಗಾರರು ನುಗ್ಗಿ, ಕಾಪಾಡಿ ಬೆಳೆಸಿದ್ದ ಸ್ಕಾಲಪ್‌ಗಳನ್ನೆಲ್ಲ ಬಾಚಿಕೊಂಡು ಹೋದರು. ಮುಖಂಡರ ಮಾತಿಗೆ ಬೆಲೆ ಉಳಿಯಲಿಲ್ಲ.

ಇದನ್ನು ಓದಿದ ತುಂಬಾ ಜನ 'ಚಿಪ್ಪಿಗೂ ಮನಸ್ಸಿದೆ ಅಂತಾನಾ ಈ ಮನುಷ್ಯ' ಅಂತ ನಗುತ್ತಾರೆ. ಹಾಗಲ್ಲ. ಯಾರು ಮುಖ್ಯ, ಯಾರು ಸುಮ್ನೆ ಹಿನ್ನೆಲೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಹೊರಡಬೇಡಿ ಅನ್ನುತ್ತಾರೆ ಕಲೋನ್, ಅಷ್ಟೇ. ಯೋಜನೆ ಯಾಕೆ ಬಿದ್ದುಹೋಯಿತು ಅಂದರೆ ತಟ್ಟನೆ 'ಸಾಮಾಜಿಕ ಕಾರಣ' ಅನ್ನಬೇಡಿ, 'ಪ್ರಕೃತಿ' ಅಂತಲೂ ಅನ್ನಬೇಡಿ. ಎರಡಕ್ಕೂ ಒಂದೇ ಭಾಷೆ ಬಳಸಿ ಬರೆಯಿರಿ. ಬರೆಯಲು ಕೂತರೆ ಗೊತ್ತಾಗುತ್ತದೆ ಇದು ಎಷ್ಟು ಕಷ್ಟ ಅಂತ.

ಟೀಕೆಗಳೂ ಇವೆ. ವಿಜ್ಞಾನದ ಸಮಾಜಶಾಸ್ತ್ರ ಬರೆಯುವ ಹ್ಯಾರಿ ಕಾಲಿನ್ಸ್ ಮತ್ತು ಸ್ಟೀವನ್ ಇಯರ್ಲಿ 1992ರಲ್ಲಿ ಚೆನ್ನಾಗಿಯೇ ಚುಚ್ಚಿದರು. ಮರಿಗಳು ಅಂಟಿಕೊಂಡವೋ ಇಲ್ಲವೋ ಅಂತ ಸಮಾಜಶಾಸ್ತ್ರಿಗೆ ಹೇಗೆ ಗೊತ್ತು? ವಿಜ್ಞಾನಿಗಳು ಹೇಳಿದರು, ಇವರು ಬರೆದುಕೊಂಡರು. ಹಾಗಾದರೆ ಚಿಪ್ಪಿನ ಮಾತು ಅಂತ ನಾವು ಓದುವುದು ಕೊನೆಗೆ ವಿಜ್ಞಾನಿಯ ಮಾತೇ.

ನನ್ನ ತಕರಾರು ಬೇರೆ. ಚಿಪ್ಪನ್ನು ಕೇಳಲು ಆಗುವುದಿಲ್ಲ, ಸರಿ. ಮೀನುಗಾರರನ್ನು ಕೇಳಬಹುದಿತ್ತು. ಆ ಕ್ರಿಸ್‌ಮಸ್ ಸಮಯದಲ್ಲಿ ಅವರ ಮನೆಯಲ್ಲಿ ಏನು ಪರಿಸ್ಥಿತಿ, ಸಂಘದ ಮುಖಂಡರ ಮೇಲೆ ಅವರಿಗೆ ಏನು ಸಿಟ್ಟು, ಸಾಲ ಇತ್ತಾ? ಮುಂದಿನ ಲಾಭಕ್ಕಿಂತ ಇವತ್ತಿನ ದುಡ್ಡು ಬೇಕಾಯಿತು ಅನ್ನುವಷ್ಟಕ್ಕೆ ಪ್ರಬಂಧ ಮುಂದಕ್ಕೆ ಹೋಗಿಬಿಡುತ್ತದೆ. ಮೂವರು ವಿಜ್ಞಾನಿಗಳ ಹಿಂದೆ ನಡೆದರೆ ಅವರಿಗೆ ಕಂಡಷ್ಟೇ ನಮಗೂ ಕಾಣುತ್ತದೆ. ಚಿಪ್ಪಿಗೂ ಮನುಷ್ಯರಿಗೂ ಸಮಾನ ಜಾಗ ಕೊಟ್ಟೆ ಅನ್ನುವುದು ಸರಿ, ಆದರೆ ಇಲ್ಲಿ ಮನುಷ್ಯರೂ ಚಿಪ್ಪಿನಷ್ಟೇ ಮೌನವಾಗಿಬಿಟ್ಟಿದ್ದಾರೆ. ಇದು ವಿಧಾನದ ದೋಷ ಅಂತ ನನಗೆ ಅನ್ನಿಸುವುದಿಲ್ಲ, ಯಾರ ಹಿಂದೆ ಹೋಗಬೇಕು ಅನ್ನುವ ಆಯ್ಕೆಯ ದೋಷ.

ಹಾಗಾಗಿ ಇದರ ಬೆನ್ನಿಗೇ ಜಿಂಬಾಬ್ವೆಯ ಕೈಪಂಪಿನ ಬಗ್ಗೆ ಮರಿಯಾನ ಡಿ ಲಾಟ್ ಮತ್ತು ಆನ್‌ಮರಿ ಮೋಲ್ 2000ರಲ್ಲಿ ಬರೆದದ್ದನ್ನೂ ಓದಿ. ಅಲ್ಲಿ ಎಲ್ಲರನ್ನೂ ತನ್ನ ಕಡೆಗೆ ಎಳೆದುಕೊಳ್ಳುವ ನಾಯಕನೇ ಇಲ್ಲ. ಪಂಪ್ ರೂಪಿಸಿದವರು ಬೇಕಂತಲೇ ಪಕ್ಕಕ್ಕೆ ನಿಲ್ಲುತ್ತಾರೆ. ಬೋಲ್ಟ್ ಒಂದೆರಡು ಕಳೆದುಹೋದರೂ ಪಂಪ್ ನೀರು ಎತ್ತುತ್ತದೆ. ಬಾವಿ ಕೊರೆಯುವಾಗ ಹೆಂಗಸರು ಕಬ್ಬಿಣದ ಅಡ್ಡಪಟ್ಟಿ ತಳ್ಳಿ ತಿರುಗಿಸುತ್ತಾರೆ, ಭಾರಕ್ಕೆ ಅಂತ ಗಂಡಸರು ಅದರ ಮೇಲೆ ಹತ್ತಿ ಕೂರುತ್ತಾರೆ!