ಬದಲಿ ಉತ್ತರದಾತರಿಲ್ಲದ ಸಮೀಕ್ಷೆ ಮತ್ತು ಶಿಡ್ಲಘಟ್ಟದ ಹುಳು ಮನೆ

ನಮ್ಮ ಕಚೇರಿಯ ಡ್ಯಾಶ್‌ಬೋರ್ಡಿನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಮನೆಯ ಮುಂದೆ ಕೆಂಪು ಬಣ್ಣದಲ್ಲಿ ‘ನಿರಾಕರಣೆ’ ಎಂದು ಬಿದ್ದಿದೆ. ಆ ಮನೆಯವರು ಯಾರೂ ಏನನ್ನೂ ನಿರಾಕರಿಸಿರಲಿಲ್ಲ. ಅದನ್ನು ತಿದ್ದಿಸಲು ಎಷ್ಟು ಪತ್ರ ಬರೆದರೂ ಕೆಂಪು ಬಣ್ಣ ಹಾಗೆಯೇ ಉಳಿದಿದೆಯಾದ್ದರಿಂದ, ಅಂದು ನಡೆದದ್ದನ್ನು ಇಲ್ಲಿಯಾದರೂ ದಾಖಲಿಸುತ್ತಿದ್ದೇನೆ.

ತೌಲನಿಕ ಸಮಾಜ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ಬೇರೆ ಬೇರೆ ದೇಶಗಳ ಯುವಕ ಯುವತಿಯರಿಗಾಗಿ ನಡೆಯುವ ಬೇಸಿಗೆ ತರಬೇತಿಯಲ್ಲಿ ಕ್ಷೇತ್ರಕಾರ್ಯದ ಮೇಲ್ವಿಚಾರಣೆ ನನ್ನದು. ಬೇಸಿಗೆಯೆಂಬುದು ಯುರೋಪಿನ ವಿಶ್ವವಿದ್ಯಾಲಯಗಳ ರಜೆಯ ಲೆಕ್ಕ. ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಅದು ಆಷಾಢದ ಗಾಳಿ ಬೀಸುವ ಕಾಲ. ಮೊದಲು ತರಗತಿಯ ಪಾಠ, ನಂತರ ಹಳ್ಳಿಗಳಲ್ಲಿ ಮನೆಮನೆಯ ಸಂದರ್ಶನ, ಕೊನೆಗೆ ಇದೇ ಪ್ರಶ್ನಾವಳಿಯಿಂದ ಬೇರೆ ದೇಶಗಳಲ್ಲಿ ದೊರೆತ ಉತ್ತರಗಳೊಂದಿಗೆ ಹೋಲಿಕೆ ಎಂಬುದು ಇದರ ಕ್ರಮ.

ತರಗತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಕಿಶ್ ಕೋಷ್ಟಕ. ಆಗಿನ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲೆಸ್ಲಿ ಕಿಶ್ 1949ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ, ಮನೆಯ ವಯಸ್ಕರಲ್ಲಿ ಮೊದಲು ಗಂಡಸರನ್ನೂ ನಂತರ ಹೆಂಗಸರನ್ನೂ ಹಿರಿಯರಿಂದ ಕಿರಿಯರ ಕ್ರಮದಲ್ಲಿ ಪಟ್ಟಿ ಮಾಡಿ, ಅವರಲ್ಲಿ ಯಾರನ್ನು ಮಾತನಾಡಿಸಬೇಕೆಂಬುದನ್ನು ಕೋಷ್ಟಕಕ್ಕೆ ಬಿಡಲಾಗುತ್ತದೆ. ಬಾಗಿಲು ತೆರೆದವರಾಗಲಿ, ಸಂದರ್ಶನಕ್ಕೆ ಹೋದವರಾಗಲಿ ಅದನ್ನು ಬದಲಿಸುವಂತಿಲ್ಲ. ಇದೇ ಕಿಶ್ ಅವರು 1961ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಬೇರೆ ದೇಶಗಳ ಸಂಖ್ಯಾಶಾಸ್ತ್ರಜ್ಞರಿಗಾಗಿ ಬೇಸಿಗೆಯ ತರಬೇತಿಯನ್ನೂ ಆರಂಭಿಸಿದರು. ಕೋಷ್ಟಕದ ಜೊತೆಗೆ ಯುರೋಪಿನ ಸಾಮಾಜಿಕ ಸಮೀಕ್ಷೆಯ ನಿಯಮಗಳನ್ನೂ ಪಾಠದಲ್ಲಿ ಹೇಳುತ್ತೇವೆ. 2002ರಲ್ಲಿ ಮೊದಲ ಸುತ್ತು ನಡೆಸಿದ ಆ ಸಮೀಕ್ಷೆಯಲ್ಲಿ ಆಯ್ಕೆಯಾದವರು ಸಿಗದಿದ್ದರೆ ಪಕ್ಕದವರನ್ನು ಸೇರಿಸಿಕೊಳ್ಳಲು ಅವಕಾಶವೇ ಇಲ್ಲ; ಮನೆಗೆ ಹೋಗಿ ಕೇಳುವ ಸಂದರ್ಶನವಾದರೆ ಕೈಬಿಡುವ ಮುನ್ನ ಕನಿಷ್ಠ 4 ಬಾರಿ ಹೋಗಬೇಕು, ಅವುಗಳಲ್ಲಿ ಒಂದು ಸಂಜೆಯ ವೇಳೆಯಲ್ಲೂ ಒಂದು ವಾರಾಂತ್ಯದಲ್ಲೂ ಇರಬೇಕು. ಒಂದು ದೇಶದ ತಂಡ ಸಿಕ್ಕವರನ್ನು ಕೇಳಿ, ಇನ್ನೊಂದು ದೇಶದ ತಂಡ ಆಯ್ಕೆಯಾದವರನ್ನೇ ಹುಡುಕಿ ಕೇಳಿದರೆ, ಆಮೇಲೆ ಕಾಣುವ ವ್ಯತ್ಯಾಸ ಎರಡು ಸಮಾಜಗಳದ್ದೋ ಎರಡು ತಂಡಗಳದ್ದೋ ಎಂದು ಯಾವ ಸಾಫ್ಟ್‌ವೇರೂ ಹೇಳಲಾರದು.

ಆ ಮನೆಯ ಜಗಲಿಯ ಮೇಲೆ ಯಜಮಾನರು ಕುಳಿತಿದ್ದರು. ನಮ್ಮ ತಂಡದಲ್ಲಿದ್ದವರು ಪೋಲೆಂಡಿನ ಒಬ್ಬ ಸಂಶೋಧಕಿ, ಕೀನ್ಯಾದ ಒಬ್ಬ ಸಂಶೋಧಕ ಮತ್ತು ಅನುವಾದಕ್ಕೆಂದು ಬಂದಿದ್ದ ಚಿಂತಾಮಣಿಯ ಪದವಿ ವಿದ್ಯಾರ್ಥಿನಿ. ಯಜಮಾನರು ಕನ್ನಡದಲ್ಲಿ ಆರಂಭಿಸಿ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಾ ಮನೆಯವರೆಲ್ಲರ ಹೆಸರು, ವಯಸ್ಸು ಬರೆಸಿದರು. ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದುದರಿಂದ, ನಮ್ಮ ಜನಗಣತಿಯ ಲೆಕ್ಕದಂತೆ ಅದು ಒಂದೇ ಕುಟುಂಬವೆಂಬ ಬಗ್ಗೆ ಗೊಂದಲವಿರಲಿಲ್ಲ. ಟ್ಯಾಬ್ಲೆಟ್ಟಿನ ಕೋಷ್ಟಕ ಕಿರಿಯ ಸೊಸೆಯನ್ನು ಆರಿಸಿತು.

“ಅವಳಿಗೇನು ಗೊತ್ತು ಸಾರ್, ನನ್ನ ಕೇಳಿ, ಬರ್ಕೊಳ್ಳಿ” ಎಂದರು ಯಜಮಾನರು. ಇದು ಪ್ರತಿ ಹಳ್ಳಿಯಲ್ಲೂ ಕೇಳುವ ಮಾತು. ಪೋಲೆಂಡಿನ ಸಂಶೋಧಕಿ ತರಗತಿಯಲ್ಲಿ ಕಲಿತದ್ದನ್ನು ಅಕ್ಷರಶಃ ಪಾಲಿಸುವವರಾಗಿದ್ದರಿಂದ, ಸೊಸೆ ಎಲ್ಲಿದ್ದಾರೆಂದು ಕೇಳಿ, ಹಿತ್ತಲಿನಲ್ಲಿ ರೇಷ್ಮೆ ಹುಳು ಸಾಕುವ ಹುಳು ಮನೆಯ ಕಡೆಗೆ ನಡೆದೇಬಿಟ್ಟರು. ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ಬಾರದಂತೆ ಕಿಟಕಿಗಳಿಗೆ ಬಲೆ ಹೊಡೆದು, ಹೊಸ್ತಿಲ ಬಳಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿದ್ದ ಆ ಕಟ್ಟಡದ ಬಾಗಿಲಿಗೆ ಸೊಸೆ ಹಿಪ್ಪುನೇರಳೆ ಸೊಪ್ಪಿನ ಕಂತೆಯನ್ನು ಹಿಡಿದುಕೊಂಡೇ ಬಂದು, ಇನ್ನೊಂದು ಕೈಯನ್ನು ಅಡ್ಡ ಚಾಚಿ, “ಬರಬ್ಯಾಡಿ, ಅಲ್ಲೇ ನಿಂತ್ಕೊಳ್ಳಿ” ಎಂದು ಗದರಿದರು.

ಮಾವ ಹಿಂದೆಯೇ ಬಂದು ನಿಂತಿದ್ದರಿಂದ ಅವರೆದುರು ಮಾತನಾಡಲು ಆಕೆ ಅಂಜುತ್ತಿದ್ದಾರೆಂದು ಭಾವಿಸಿದ ನಾನು, ಉತ್ತರಗಳನ್ನು ಯಾರಿಗೂ ತೋರಿಸುವುದಿಲ್ಲವೆಂಬ ಒಪ್ಪಿಗೆ ಪತ್ರದ ಸಾಲುಗಳನ್ನು ವಿವರಿಸತೊಡಗಿದೆ. “ಹತ್ತೇ ನಿಮಿಷ ಅಮ್ಮ” ಎಂದೆ. ಯಜಮಾನರನ್ನು ಉಪಾಯವಾಗಿ ಜಗಲಿಗೆ ಕಳುಹಿಸುವಂತೆ ವಿದ್ಯಾರ್ಥಿನಿಗೆ ಸನ್ನೆ ಮಾಡಿದೆ. ನಾನು ಮಾತು ಬೆಳೆಸಿದಷ್ಟೂ ಆಕೆಯ ದನಿ ಏರುತ್ತಾ ಹೋಯಿತು. ಸಂಶೋಧಕಿ ಧೈರ್ಯ ಹೇಳುವವರಂತೆ ಇನ್ನೊಂದು ಹೆಜ್ಜೆ ಮುಂದಿಟ್ಟರು. ಕೀನ್ಯಾದ ಯುವಕ ಮಾತ್ರ ಹಿಂದೆ ಸರಿದು ಟ್ಯಾಬ್ಲೆಟ್ ಮುಚ್ಚಿಕೊಂಡರು, ಅಲ್ಲಿದ್ದವರಲ್ಲಿ ವಿವೇಕದಿಂದ ನಡೆದುಕೊಂಡವರು ಅವರೊಬ್ಬರೇ. ಕೊನೆಗೆ ವಿದ್ಯಾರ್ಥಿನಿ ನನ್ನ ತೋಳು ಜಗ್ಗಿ, “ಸಾರ್, ಮೇಡಂ ಕೈಗೆಲ್ಲಾ ಸೊಳ್ಳೆ ಮುಲಾಮು ಬಳ್ಕೊಂಡವ್ರೆ” ಎಂದಳು.

ಅದನ್ನು ಬೆಳಿಗ್ಗೆ ವ್ಯಾನಿನಲ್ಲಿ ಎಲ್ಲರಿಗೂ ಹಂಚಿದ್ದು ನಮ್ಮ ಕಚೇರಿಯೇ. ಆರೋಗ್ಯ ಸುರಕ್ಷತೆಯ ಪಟ್ಟಿಯಲ್ಲಿ ಅದು ಕಡ್ಡಾಯ. ಕೀಟವನ್ನು ದೂರವಿಡುವ ಮುಲಾಮು ರೇಷ್ಮೆ ಹುಳುವಿಗೂ ಕಂಟಕವೆಂದು ಆ ಪಟ್ಟಿಯನ್ನು ತಯಾರಿಸಿದವರಿಗೆ ಹೊಳೆದಿರಲಿಕ್ಕಿಲ್ಲ. ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಬಾರಿ ಪೊರೆ ಕಳಚಿ, ಆಗಷ್ಟೇ ಎದ್ದಿದ್ದವು. ಹಗಲು ರಾತ್ರಿ ಸೊಪ್ಪು ಮುಕ್ಕುವ ಆ ಹಂತದಲ್ಲಿ ಹುಳು ಕೈಕೊಟ್ಟರೆ, ಅಲ್ಲಿಯವರೆಗೆ ಹಾಕಿದ ಸೊಪ್ಪು, ಕೂಲಿ, ಮೊಟ್ಟೆಯ ದುಡ್ಡು ಎಲ್ಲವೂ ಹೋದಂತೆಯೇ. ವಿಷಯ ತಿಳಿದ ಸಂಶೋಧಕಿ ಮುಖ ಕೆಂಪಗೆ ಮಾಡಿಕೊಂಡು ಅಂಗಳದ ಆಚೆ ತುದಿಗೆ ಹೋಗಿ ನಿಂತರು. ಆಕೆ ದೂರ ಹೋದದ್ದನ್ನು ನೋಡಿದ ಮೇಲೆ ಸೊಸೆಯ ದನಿ ಇಳಿಯಿತು. “ಹುಳ ಹಣ್ಣಾಗ್ಲಿ, ಚಂದ್ರಿಕೆಗೆ ಬಿಟ್ಟ ಮ್ಯಾಕೆ ಬನ್ನಿ, ಎಷ್ಟೊತ್ತು ಬೇಕಾದ್ರೂ ಕೂತು ಹೇಳ್ತೀನಿ” ಎಂದರು. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ತಟ್ಟೆಯೇ ಚಂದ್ರಿಕೆ.

ಹೀಗೆ ಸಮಯ ಕೊಟ್ಟದ್ದನ್ನು ದಾಖಲಿಸಲು ಟ್ಯಾಬ್ಲೆಟ್ಟಿನಲ್ಲಿ ಜಾಗವಿರಲಿಲ್ಲ. ಮರುಭೇಟಿಯ ದಿನಾಂಕ ತರಬೇತಿಯ ಕೊನೆಯ ದಿನವನ್ನು ದಾಟುತ್ತಿದ್ದುದರಿಂದ ಆ್ಯಪ್ ಅದನ್ನು ಒಪ್ಪಲಿಲ್ಲ. ‘ಮನೆಯಲ್ಲಿಲ್ಲ’ ಎನ್ನುವುದು ಸುಳ್ಳಾಗುತ್ತಿತ್ತು. ಯಾವುದಾದರೊಂದು ಸಂಕೇತ ಒತ್ತದೆ ಮುಂದಿನ ಮನೆ ತೆರೆಯುತ್ತಿರಲಿಲ್ಲವಾದ್ದರಿಂದ ತಂಡ ‘ನಿರಾಕರಣೆ’ಯನ್ನು ಒತ್ತಿತು. ಅರ್ಧ ಗಂಟೆಯೊಳಗೆ ಕಚೇರಿಯವರು ಫೋನು ಮಾಡಿ, ಈ ದಿನದ ಗುರಿ ಮುಟ್ಟಿಲ್ಲ, ಯಜಮಾನರು ಸಿದ್ಧರಿದ್ದರಲ್ಲ, ಅವರನ್ನೇ ಕೇಳಿ ಮುಗಿಸಬಾರದಿತ್ತೇ ಎಂದರು. ಹಿಂದಿನ ವಾರ ತರಗತಿಯಲ್ಲಿ ಬದಲಿ ಉತ್ತರದಾತರು ಸಲ್ಲದೆಂದು ಸ್ಲೈಡ್ ತೋರಿಸಿ ಪಾಠ ಮಾಡಿದ್ದವರೂ ಇವರೇ.

ಯಜಮಾನರ ಉತ್ತರದಿಂದ ಏನಾಗುತ್ತಿತ್ತೆಂಬುದನ್ನು ಅಂದು ಸಂಜೆ ತಂಡದವರೇ ಲೆಕ್ಕ ಹಾಕಿದರು. ಪ್ರಶ್ನಾವಳಿಯ ದೊಡ್ಡ ಭಾಗ ಸಂಬಳವಿಲ್ಲದ ದುಡಿಮೆಗೆ ದಿನಕ್ಕೆ ಎಷ್ಟು ಗಂಟೆ ಹೋಗುತ್ತದೆಂಬುದರ ಬಗ್ಗೆ ಇದೆ. ನಾವು ಹಳ್ಳಿಗೆ ಹೋಗುವ ಹಗಲಿನ ಹೊತ್ತಿನಲ್ಲಿ ಜಗಲಿಯ ಮೇಲೆ ಸಿಗುವವರು ದುಡಿದು ದಣಿದ ಹಿರಿಯ ಗಂಡಸರು. ಸೊಪ್ಪು ಕೊಯ್ಯುವವರು, ಹುಳುವಿಗೆ ಮೇವು ಹಾಕುವವರು, ಡೇರಿಗೆ ಹಾಲು ಹಾಕಲು ಓಡುವವರು ಸಿಗುವುದಿಲ್ಲ. ಪ್ರತಿ ಮನೆಯಲ್ಲೂ ಸೊಸೆಯ ಬದಲು ಮಾವನನ್ನು ಕೇಳಿದರೆ ಆ ಗಂಟೆಗಳು ಪುಸ್ತಕಕ್ಕೇ ಬರುವುದಿಲ್ಲ. ನಿಯಮ ಪಾಲಿಸಿದ ದೇಶದ ಪಕ್ಕದಲ್ಲಿಟ್ಟು ನೋಡಿದಾಗ ಶಿಡ್ಲಘಟ್ಟದವರು ಆರಾಮವಾಗಿರುವಂತೆ ಕಾಣುತ್ತದೆ. ಕೀನ್ಯಾದ ಸಂಶೋಧಕ ತಮ್ಮ ಊರಿನ ಚಹಾ ತೋಟಗಳಲ್ಲೂ ಇದೇ ಕಥೆಯೆಂದು ಹೇಳಿ, ಬೆಳೆಯ ಕೆಲಸದ ವೇಳಾಪಟ್ಟಿಯನ್ನು ಮೊದಲೇ ಕೇಳಿಕೊಂಡು ನಂತರ ಸಂದರ್ಶನದ ದಿನ ಗೊತ್ತುಮಾಡಬೇಕೆಂದು ವರದಿಯಲ್ಲಿ ಬರೆದರು. ಅವರ ವರದಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಒಂದು ಪ್ಯಾರಾ.

ಗೂಡು ಮಾರುಕಟ್ಟೆಗೆ ಹೋದ ಮೇಲೆ ನಮ್ಮ ಸ್ಥಳೀಯ ಸಿಬ್ಬಂದಿಯೊಬ್ಬರು ಹೋಗಿ ಕಿರಿಯ ಸೊಸೆಯ ಸಂದರ್ಶನವನ್ನು ಕಾಗದದ ಮೇಲೆ ಪೂರ್ತಿಯಾಗಿ ಬರೆದುಕೊಂಡು ಬಂದರು. ವಿದೇಶದ ಸಂಶೋಧಕರೆಲ್ಲ ಆ ಹೊತ್ತಿಗೆ ಊರು ಸೇರಿದ್ದರು. ಮುಂದಿನ ವರ್ಷಕ್ಕೆ ಸುರಕ್ಷತಾ ಪಟ್ಟಿಯ ತಿದ್ದುಪಡಿ, ಆ್ಯಪಿನಲ್ಲಿ ಮುಂದೂಡಿಕೆಗೆ ಪ್ರತ್ಯೇಕ ಸಂಕೇತ, ಸಂಜೆಯ ಮರುಭೇಟಿಗೆ ವಾಹನ ಎಂದು ನಾನು ಕಳುಹಿಸಿದ ಟಿಪ್ಪಣಿಯಲ್ಲಿ ಮೊದಲನೆಯದು ಮಂಜೂರಾಗಿದೆ. ಎರಡನೆಯದು ಆ್ಯಪ್ ಒದಗಿಸುವವರ ಬಳಿ ಇದೆಯಂತೆ. ಮೂರನೆಯದರ ಬಗ್ಗೆ ಲೆಕ್ಕಪತ್ರ ವಿಭಾಗದವರು, ಹಗಲಿನಲ್ಲಿಯೇ ಜನ ಸಿಗುವಾಗ ಸಂಜೆ ಹೋಗುವ ಅಗತ್ಯವೇನೆಂದು ಲಿಖಿತ ವಿವರಣೆ ಕೇಳಿದ್ದಾರೆ.