ಬೋಟಿನ ಬ್ಯಾಟರಿಗೆ ಮಾನಿಟರ್ ಹಾಕಿದ್ದು

ಏಪ್ರಿಲ್ 12, 2025, ಶನಿವಾರ
ಹ್ಯಾಂಬಲ್ ನದಿ, ಹ್ಯಾಂಪ್‌ಶೈರ್

ಬ್ಯಾಟರೀಲಿ ಎಷ್ಟು ಕರೆಂಟ್ ಉಳಿದಿದೆ ಅಂತ ತೋರಿಸೋ ಮಾನಿಟರ್ ಕೊನೆಗೂ ಹಾಕಿದ್ವಿ. ವಿಕ್ಟ್ರಾನ್ ಸ್ಮಾರ್ಟ್‌ಶಂಟ್, 500 ಆಂಪಿಂದು, ಡಿಸ್‌ಪ್ಲೇ ಇಲ್ಲ, ಬ್ಲೂಟೂತಲ್ಲಿ ಫೋನಿಗೇ ಲೆಕ್ಕ ಬರತ್ತೆ. ನಮ್ದು ವೆಸ್ಟರ್ಲಿ ಸೆಂಟಾರ್, 26 ಅಡಿ, ಎಪ್ಪತ್ತರ ದಶಕದ ಹಾಯಿ ಬೋಟು, ಪ್ಯಾನೆಲ್ ಕೊರೆದು ಇನ್ನೊಂದು ಗೇಜ್ ಕೂರ್ಸೋಕೆ ಜಾಗಾನೂ ಇಲ್ಲ ಮನಸ್ಸೂ ಇಲ್ಲ.

ಇಷ್ಟು ದಿನ ಇದ್ದಿದ್ದು ಬರೀ ವೋಲ್ಟ್‌ಮೀಟರ್. ಲೆಡ್ ಆಸಿಡ್ ಬ್ಯಾಟರಿ ಫುಲ್ ಇದ್ರೆ 12.7, ಅರ್ಧ ಖಾಲಿಯಾದ್ರೆ 12.2 ಆಸುಪಾಸು, ಅದಕ್ಕಿಂತ ಕೆಳಗೆ ಇಳಿಸೋ ಹಾಗಿಲ್ಲ, ಅಂದ್ರೆ ನಾವು ಬಳಸಬಹುದಾದ ಕರೆಂಟೆಲ್ಲಾ ಆ ಅರ್ಧ ವೋಲ್ಟಲ್ಲೇ ಮುಗೀತು, ಅದೂ ಬ್ಯಾಟರಿ ಕೆಲವು ಗಂಟೆ ಸುಮ್ನೆ ಬಿಟ್ಟಿದ್ರೆ ಮಾತ್ರ ಸರಿ, ಫ್ರಿಜ್ ಓಡಿದ್ರೆ ಇಳಿಯತ್ತೆ, ಬಿಸಿಲು ಬಂದು ಸೋಲಾರ್ ಎದ್ರೆ ಏರತ್ತೆ. ಐಲ್ ಆಫ್ ವೈಟಿನ ನ್ಯೂಟೌನ್ ಕ್ರೀಕಲ್ಲಿ ಆಂಕರ್ ಹಾಕಿ ಎರಡು ರಾತ್ರಿ ಇರ್ಬೇಕು ಅಂದ್ರೆ ಈ ಅಂದಾಜಿನ ಆಟ ಸಾಲಲ್ಲ.

ಶಂಟ್ ಅಂದ್ರೆ ಒಂದು ದಪ್ಪ ಲೋಹದ ತುಂಡು ಅಷ್ಟೇ, ನೆಗೆಟಿವ್ ದಾರೀಲಿ ಕೂರತ್ತೆ, 500 ಆಂಪ್ ಹರಿದ್ರೆ 50 ಮಿಲಿವೋಲ್ಟ್ ಇಳಿಯತ್ತೆ, ಅದನ್ನ ಅಳೆದು ಎಷ್ಟು ಹೋಯ್ತು ಎಷ್ಟು ಬಂತು ಅಂತ ಕೂಡಿ ಕಳೀತಾ ಇರತ್ತೆ. ಒಂದು ಕಡೆ ಬ್ಯಾಟರಿ ನೆಗೆಟಿವ್ ಮಾತ್ರ, ಇನ್ನೊಂದು ಕಡೆ, ಅಂದ್ರೆ ಲೋಡ್ ಕಡೆ, ಉಳಿದಿದ್ದೆಲ್ಲಾ. ಶಂಟೇ ಗಲ್ಲಾಪೆಟ್ಟಿಗೆ, ಅದನ್ನ ಬಿಟ್ಟು ಹಿಂಬಾಗಿಲಲ್ಲಿ ಯಾರೂ ವ್ಯಾಪಾರ ಮಾಡಬಾರದು. ನಮ್ಮ ಬೋಟಲ್ಲಿ ಎಲ್ರೂ ಹಿಂಬಾಗಿಲೇ!

ಮೊದಲು ಶೋರ್ ಪವರ್ (ದಡದಿಂದ ಬರೋ ಕರೆಂಟು) ತೆಗೆದು, ಸೋಲಾರ್ ಪ್ಯಾನೆಲ್ ಕಳಚಿ, ಬೆರಳಿನ ಉಂಗುರ ಬಿಚ್ಚಿಟ್ಟು, ನೆಗೆಟಿವ್ ಟರ್ಮಿನಲ್ ಬಿಚ್ಚಿದ್ವಿ. ಒಂದೇ ಬೋಲ್ಟಿಗೆ ಲಗ್ (ಕೇಬಲ್ ತುದಿಯ ಬಳೆ) ಮೇಲೆ ಲಗ್. ಸೋಲಾರ್ ಕಂಟ್ರೋಲರ್ ನೆಗೆಟಿವ್ ನೇರ ಬ್ಯಾಟರಿಗೆ, ಬೋಟಿನ ತಳದ ನೀರು ಹೊರಹಾಕೋ ಬಿಲ್ಜ್ ಪಂಪ್ ನೆಗೆಟಿವ್ ನೇರ ಬ್ಯಾಟರಿಗೆ, ಅದ್ರ ಜೊತೆ ಎಂಜಿನ್ ಸ್ಟಾರ್ಟರ್ ಬ್ಯಾಟರಿಯಿಂದ ಬಂದಿರೋ ದಪ್ಪ ಲಿಂಕ್ ಕೇಬಲ್. ತಲೆ ತಿಂದಿದ್ದು ಈ ಕೊನೇದೇ. ಅದನ್ನ ಅಲ್ಲೇ ಬಿಟ್ಟಿದ್ರೆ ಎಂಜಿನ್ ಸ್ಟಾರ್ಟ್ ಮಾಡೋವಾಗ ಎಳೆಯೋ ಕರೆಂಟು ಶಂಟ್ ದಾಟ್ಕೊಂಡು ಹೋಗಿ ಹೌಸ್ ಬ್ಯಾಟರಿ (ಫ್ರಿಜ್ ಮುಂತಾದಕ್ಕೆ ಇರೋದು) ಲೆಕ್ಕಕ್ಕೆ ಬೀಳ್ತಿತ್ತು, ಲೋಡ್ ಕಡೆಗೆ ಹಾಕಿದ್ರೆ ಸ್ಟಾರ್ಟರ್ ಬ್ಯಾಟರಿ ಮತ್ತು ಎಂಜಿನ್ ಮಧ್ಯೆನೇ ಸುತ್ತು ಮುಗಿಸತ್ತೆ. ಕಾಗದದ ಮೇಲೆ ಗೆರೆ ಎಳೆದು ನೋಡೋವರೆಗೂ ನಮ್ಮ ಧಾರವಾಡದ ಗೆಳೆಯ ಒಪ್ಪಲೇ ಇಲ್ಲ.

ಒಂದು ಬಸ್‌ಬಾರ್ (ಹಲವು ವೈರ್ ಒಟ್ಟಿಗೆ ಸೇರಿಸೋ ಲೋಹದ ಪಟ್ಟಿ) ಹಾಕಿ ಎಲ್ಲಾ ನೆಗೆಟಿವ್ ಅಲ್ಲಿಗೆ ತಂದು, ಅಲ್ಲಿಂದ ಶಂಟಿಗೆ ಒಂದೇ ದಪ್ಪ ಕೇಬಲ್. ಹಳೇ ವೈರ್ ತುದಿ ಸುಲಿದ್ರೆ ತಾಮ್ರ ಹಸಿರು ಹಸಿರು, ಕತ್ತರಿಸ್ತಾ ಹೋದ್ರೂ ಒಳಗೂ ಹಸಿರೇ, ಅದಕ್ಕೆ ಅವನ್ನೆಲ್ಲಾ ಬಿಸಾಕಿ ಟಿನ್ ಲೇಪಿಸಿದ ಕೇಬಲ್ಲೇ ಹಾಕಿದ್ವಿ.

ಸೆಟ್ಟಿಂಗಲ್ಲಿ ಕೆಪಾಸಿಟಿ 220 ಆಂಪ್ ಅವರ್ (110ರದ್ದು ಎರಡು ಪ್ಯಾರಲಲ್). ಪ್ಯೂಕರ್ಟ್ (ಜೋರಾಗಿ ಎಳೆದಷ್ಟೂ ಬ್ಯಾಟರಿ ಬೇಗ ಖಾಲಿ ಅನ್ನೋದರ ಲೆಕ್ಕ) 1.25 ಇದ್ದಿದ್ದನ್ನ ಹಾಗೇ ಬಿಟ್ಟೆ. ಆದ್ರೆ 'ಚಾರ್ಜ್ ಆಯ್ತು' ಅಂತ ತೀರ್ಮಾನಿಸೋ ವೋಲ್ಟೇಜ್ 13.2 ಇರತ್ತೆ, ಅದು ಸೋಲಾರ್ ಇರೋ ಬೋಟಿಗೆ ತೀರಾ ಕಮ್ಮಿ, ವೋಲ್ಟೇಜ್ ಮೇಲಿರೋವಾಗ ಒಂದು ಮೋಡ ಅಡ್ಡ ಬಂದು ಕರೆಂಟ್ ಬಿದ್ರೆ ಸಾಕು, ಫುಲ್ ಆಯ್ತು ಅಂದ್ಕೊಂಡು 100 ಪರ್ಸೆಂಟಿಗೆ ಹಾರಿಬಿಡತ್ತೆ. ಇಂಗ್ಲೆಂಡಲ್ಲಿ ಮೋಡಕ್ಕೇನು ಬರ? 14.0ಕ್ಕೆ ಏರಿಸಿ, ಟೇಲ್ ಕರೆಂಟ್ (ಚಾರ್ಜಿಂಗ್ ಕರೆಂಟು ಕೆಪಾಸಿಟಿಯ ಇಷ್ಟು ಪರ್ಸೆಂಟಿಗಿಂತ ಇಳಿದ್ರೆ ಫುಲ್ ಅಂತ ಲೆಕ್ಕ) 4ರಿಂದ 2 ಪರ್ಸೆಂಟಿಗೆ ಇಳಿಸ್ದೆ.

ಎಲ್ಲಾ ಸ್ವಿಚ್ ಆಫ್ ಮಾಡಿ ನೋಡಿದ್ರೆ 0.12 ಆಂಪ್ ಹೋಗ್ತಾನೇ ಇದೆ, ದಿನಕ್ಕೆ ಹತ್ತಿರ ಹತ್ತಿರ 3 ಆಂಪ್ ಅವರ್. ಗ್ಯಾಸ್ ಅಲಾರ್ಮ್ ಫ್ಯೂಸ್ ತೆಗೆದ್ರೆ ಸೊನ್ನೆ. ಅದು ಇರ್ಲೇಬೇಕು, ವಾಪಸ್ ಹಾಕಿದ್ವಿ. ಇನ್ನೊಂದು ಸಣ್ಣ ಕಪ್ಪು ವೈರ್ ನೆಲದ ಹಲಗೆ ಕೆಳಗೆ ಹೋಗಿ ಮಾಯ, ಎಲ್ಲಿಗೂ ಸೇರಿದ ಹಾಗೆ ಕಾಣಲ್ಲ. "ಇದ ಎಲ್ಲಿಗ್ ಹೊಂಟದಲೇ? ಕತ್ತರಿಸಿಬಿಡೂಣೇನು?" ಅಂದ ಧಾರವಾಡದ ಗೆಳೆಯ. ಬೇಡ ಮಾರಾಯ ಅಂತ ಅದನ್ನೂ ಲೋಡ್ ಕಡೆಗೇ ಬಿಗಿದೆ. ಇವತ್ತು ರಾತ್ರಿ ಶೋರ್ ಚಾರ್ಜರ್ ಹಾಕಿಟ್ಟಿದೀವಿ, ಬೆಳಿಗ್ಗೆ ಫುಲ್ ಆಗಿ ಮಾನಿಟರ್ ಲೆಕ್ಕ 100 ಪರ್ಸೆಂಟಿಗೆ ಸಿಂಕ್ ಆದ್ಮೇಲೆ ಫ್ರಿಜ್ ದಿನಕ್ಕೆ ಎಷ್ಟು ನುಂಗತ್ತೆ ನೋಡ್ಬೇಕು.