ಪುಂಡಿ ನಾರಿನ ಬ್ರಶ್ಶು

ಮೂರು ತಿಂಗಳಿಂದ ಫೋನಿನಲ್ಲಿ ಸುಮ್ನೆ ಡಿಸೈನ್‌ಗಳನ್ನು ಸೇವ್ ಮಾಡುತ್ತಾ ಕೂತಿದ್ದೆ. ಯಾವ ಪೋಸ್ಟರ್ ಬರೆದರೂ ಇನ್ಯಾರದೋ ಕೆಲಸದ ಹಾಗೇ ಕಾಣುತ್ತಿತ್ತು.

ಮೊನ್ನೆ ಸಾಗರದ ಹತ್ತಿರ ದೀವರು ಸಮುದಾಯದ ಒಂದು ಮನೆಗೆ ಹೋಗಿದ್ದೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಜ್ಜಿಯೊಬ್ಬರು ಹಸೆ ಚಿತ್ತಾರ, ಅಂದರೆ ಮದುವೆಗೆ ಬಿಡಿಸುವ ಗೋಡೆ ಚಿತ್ರ, ಬರೆಯುತ್ತಿದ್ದರು. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಬ್ರಶ್ಶು ಅಂದರೆ ಪುಂಡಿ ಗಿಡದ ನಾರು, ಅಷ್ಟೇ. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತಿಲ್ಲ, ಗೆರೆ ಮಾತ್ರ ನೆಟ್ಟಗೆ!

ನನ್ನ ಕೈಗೂ ನಾರು ಕೊಟ್ಟರು. ಮೊದಲ ಗೆರೆಯೇ ಹಾವಿನ ಹಾಗೆ ಹರಿಯಿತು. "ಇನ್ನೊಂದು ಹತ್ತು ಮದುವೆ ಗೋಡೆ ಬರಿ, ಕೈ ಕೂರುತ್ತೆ" ಅಂದರು.

ಬೆಂಗಳೂರಿಗೆ ಬಂದು ಆ ಸೊಟ್ಟ ಗೆರೆಯನ್ನೇ ಹೊಸ ಪೋಸ್ಟರಿಗೆ ಹಾಕಿದ್ದೇನೆ. ಚಿತ್ತಾರ ಅವರದು, ಸೊಟ್ಟ ಮಾತ್ರ ನಂದೇ ಅಲ್ವಾ? ಕ್ಲೈಂಟ್ ಇನ್ನೂ ನೋಡಿಲ್ಲ.